ಎಡಗಡೆಯ ಮನೆ

ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ಪಟ್ಟಿ ಬಿತ್ತು. ಬಿತ್ತು ಎಂದರೆ ಸದ್ದೇನೂ ಆಗಲಿಲ್ಲ. ಸ್ಕ್ರೀನಿನ ಮೇಲೆ ಓಡುತ್ತಿದ್ದ ಸಾಲುಗಳು ನಿಂತವು, ಆಮೇಲೆ ಕಪ್ಪಾಯಿತು, ಅಷ್ಟೇ. ಡೇಟಾಬೇಸ್ ಎಂಬುದು ಅದರ ಸರಿಯಾದ ಹೆಸರು, ಆದರೆ ನಮ್ಮೂರಿನಲ್ಲಿ ಎಲ್ಲರೂ ಅದನ್ನು ಪಟ್ಟಿ ಎಂದೇ ಕರೆಯುವುದು. ಹದಿನಾಲ್ಕು ವರ್ಷದಿಂದ ವಿಳಾಸ ಕಚೇರಿಯಲ್ಲಿ ಕೂತು ಅದನ್ನು ಸಾಕಿದವಳು ನಾನು. ಹಿಂದೆಯೂ ಎರಡು ಮೂರು ಸಲ ಬಿದ್ದಿತ್ತು, ಎಬ್ಬಿಸಿದರೆ ಎದ್ದಿತ್ತು. ಹಾಗಾಗಿ ಮೊದಲ ಐದು ನಿಮಿಷ ನನಗೆ ಗಾಬರಿಯಾಗಲಿಲ್ಲ, ಸಿಟ್ಟು ಬಂತು. ಮನೆಗೆ ಹೋಗುವ ಹೊತ್ತಿಗೇ ಇದಕ್ಕೆ ರೋಗ ಬರಬೇಕೇ ಎಂದು ಬೈದುಕೊಂಡು ರೀಸ್ಟಾರ್ಟ್ ಕೊಟ್ಟೆ.

ನಮ್ಮೂರಿನಲ್ಲಿ ಮಧ್ಯಾಹ್ನ ಒಂದರಿಂದ ಮೂರರವರೆಗೆ ಎಲ್ಲರೂ ಮಲಗುತ್ತಾರೆ. ಆ ಹೊತ್ತಿನಲ್ಲಿ ಮನೆಗಳು ಜಾಗ ಬದಲಿಸುತ್ತವೆ. ನಿನ್ನೆ ಆಸ್ಪತ್ರೆಯ ಹಿಂದಿದ್ದ ಮನೆ ಇವತ್ತು ಬಸ್ ನಿಲ್ದಾಣದ ಆಚೆ ಇರುತ್ತದೆ, ನಾಳೆ ಇನ್ನೆಲ್ಲೋ. ಒಳಗಿನ ಪಾತ್ರೆ ಪಡಗ ಒಂದೂ ಅಲುಗುವುದಿಲ್ಲ. ಆಸ್ಪತ್ರೆ, ಬಸ್ ನಿಲ್ದಾಣ, ನಮ್ಮ ಕಚೇರಿ, ಇಂಥ ಸರ್ಕಾರಿ ಕಟ್ಟಡಗಳು ಮಾತ್ರ ಇದ್ದಲ್ಲೇ ಇರುತ್ತವೆ. ಸರ್ಕಾರದ್ದು ಯಾವುದು ತಾನೇ ಬೇಗ ಅಲುಗಾಡಿದೆ. ಮೂರು ಗಂಟೆಗೆ ಎದ್ದವರು ಬಾಗಿಲು ತೆಗೆದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಪಕ್ಕದ ಗೋಡೆಗಳ ಮೇಲೆ ಬರೆದ ಮನೆ ನಂಬರುಗಳನ್ನು ನಮ್ಮ ಕಚೇರಿಗೆ ಫೋನ್ ಮಾಡಿ ಹೇಳುತ್ತಾರೆ. ಇಂಥ ಮನೆ, ಎಡಗಡೆ ಇಂಥದ್ದು, ಬಲಗಡೆ ಇಂಥದ್ದು. ಮೂರು ಸಾವಿರ ಚಿಲ್ಲರೆ ಮನೆಗಳ ಈ ಎಡಬಲಗಳನ್ನು ಒಂದಕ್ಕೊಂದು ಪೋಣಿಸಿ ಆ ದಿನದ ಊರನ್ನು ಕಟ್ಟಿಕೊಡುವುದು ಪಟ್ಟಿಯ ಕೆಲಸ. ಐದು ಗಂಟೆಯಿಂದ ಕಿಟಕಿಯಲ್ಲಿ ಚೀಟಿ ಕೊಡುತ್ತೇವೆ. ಚೀಟಿ ಹಿಡಿದು ಮಕ್ಕಳು ಶಾಲೆಯಿಂದ ಮನೆಗೆ ಹೋಗುತ್ತವೆ, ಹಾಲಿನವನು ಹಾಲು ಹಾಕುತ್ತಾನೆ, ನಾನೂ ನನ್ನ ಮನೆಗೆ ಹೋಗುತ್ತೇನೆ.

ನನ್ನ ಮನೆಯ ನಂಬರು 1846. ಅಲ್ಲಿ ನನ್ನ ಗಂಡ ವೀರಭದ್ರ ಹಾಸಿಗೆಯ ಮೇಲಿದ್ದಾರೆ. ಇಪ್ಪತ್ತೆರಡು ವರ್ಷ ಸುಣ್ಣದ ಗೂಡಿನಲ್ಲಿ ದುಡಿದು ಎದೆಯನ್ನು ಸುಟ್ಟುಕೊಂಡವರು. ಏಳು ತಿಂಗಳಿಂದ ಆಕ್ಸಿಜನ್ ಸಿಲಿಂಡರಿನ ಮೇಲೆ ಉಸಿರಾಡುತ್ತಿದ್ದಾರೆ. ಒಂದು ಸಿಲಿಂಡರು ಒಂದು ದಿನಕ್ಕೆ ಬರುತ್ತದೆ, ಸಂಜೆ ಏಳರ ಹೊತ್ತಿಗೆ ಖಾಲಿ. ಎರಡನೆಯದು ಮನೆಯಲ್ಲಿರಲಿ ಎಂದು ಅರ್ಜಿ ಹಾಕಿ ನಾಲ್ಕು ತಿಂಗಳಾಯಿತು, ಮನೆಗೊಂದೇ ಎನ್ನುತ್ತಾರೆ. ಆಸ್ಪತ್ರೆಗೆ ಸೇರಿ ಎಂದರೆ ಅವರು ಒಪ್ಪುವುದಿಲ್ಲ. ದಸ್ತಗೀರ್ ಎಂಬವರು ಲಗೇಜ್ ಆಟೊದಲ್ಲಿ ಹೊಸ ಸಿಲಿಂಡರು ಹೇರಿಕೊಂಡು ಐದಕ್ಕೆ ಕಚೇರಿಗೆ ಬರುತ್ತಾರೆ, ನಾನು ಚೀಟಿ ತೆಗೆದುಕೊಂಡು ಅವರ ಜೊತೆಗೇ ಹೊರಡುತ್ತೇನೆ. ಆವತ್ತು ಸಿಟ್ಟು ಇಳಿದು ಗಾಬರಿ ಹತ್ತಿದ್ದು, ರೀಸ್ಟಾರ್ಟ್ ಆದ ಪಟ್ಟಿ ಎರಡು ನಿಮಿಷ ಗುರುಗುಟ್ಟಿ ಮತ್ತೆ ಕಪ್ಪಾದಾಗ.

ಕಚೇರಿಯ ಮುಖ್ಯಸ್ಥರು ಸಿದ್ದರಾಜಯ್ಯನವರು. ನಿಯಮದ ಪುಸ್ತಕವನ್ನು ಕಣ್ಣುಮುಚ್ಚಿ ಹೇಳುವ ಮನುಷ್ಯ. ನಕ್ಕದ್ದನ್ನು ನಾನು ನೋಡಿಲ್ಲ. ಅವರು ನನ್ನ ಕುರ್ಚಿಯ ಹಿಂದೆ ಬಂದು ನಿಂತರು.

"ಏನಮ್ಮ ಚಂಪಕಾ, ಏಳ್ತಿಲ್ವಾ?"

"ಇಲ್ಲ ಸಾರ್. ಇವತ್ತಿನ ಫೋನ್‌ಗಳನ್ನೆಲ್ಲ ಮೊದಲಿಂದ ಓದ್ಕೊಂಡು ಬರುತ್ತೆ. ಎಲ್ಲೋ ಒಂದು ಕಡೆ ಸಿಕ್ಕಾಕ್ಕೊಂಡು ಸತ್ತು ಹೋಗುತ್ತೆ."

"ಬ್ಯಾಕಪ್ ಇದೆಯಲ್ಲ. ಅದನ್ನ ಹಾಕಿ."

ಬ್ಯಾಕಪ್ ಇತ್ತು. ಕಚೇರಿಗೆ ಬೆಂಕಿ ಬಿದ್ದರೆ ಪ್ರತಿಯೂ ಸುಡಬಾರದೆಂದು ಅದನ್ನು ಬೇರೆ ಕಡೆ ಇಡಬೇಕು ಎನ್ನುವುದು ನಿಯಮ. ಅದರಂತೆ ನಿವೃತ್ತ ಗುಮಾಸ್ತರಾದ ಅನಂತಯ್ಯನವರ ಮನೆಯ ಬೀರುವಿನಲ್ಲಿ ಇಡುತ್ತಿದ್ದೆವು. ದಿನಾ ಬೆಳಿಗ್ಗೆ ಪ್ಯೂನು ಹೋಗಿ ಇಟ್ಟು ಬರುತ್ತಿದ್ದ. ಅನಂತಯ್ಯನವರ ಮನೆ ಇವತ್ತು ಎಲ್ಲಿದೆ ಎಂದು ಸಿದ್ದರಾಜಯ್ಯನವರು ಕೇಳಿದರು. ಪಟ್ಟಿ ನೋಡಿ ಹೇಳಬೇಕು ಸಾರ್ ಎಂದೆ. ಹೇಳಿದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹದಿನಾಲ್ಕು ವರ್ಷದಲ್ಲಿ ಈ ಮಾತು ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ. ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

"ಸಿಕ್ಕಿದ್ರೂ ಪ್ರಯೋಜನ ಇಲ್ಲ ಸಾರ್," ಎಂದೆ. "ಅದರಲ್ಲಿರೋದು ನಿನ್ನೆಯ ಊರು."

ಅಷ್ಟರಲ್ಲಿ ಕಿಟಕಿಯ ಮುಂದೆ ಜನ ಸೇರಿದ್ದರು. ಶಾಲೆ ಬಿಟ್ಟ ಮಕ್ಕಳು ಕಟ್ಟೆಯ ಮೇಲೆ ಸಾಲಾಗಿ ಕೂತು ಕಾಲು ಆಡಿಸುತ್ತಿದ್ದವು, ಅವಕ್ಕೆ ಇದೊಂದು ಹಬ್ಬ. ದೊಡ್ಡವರಿಗೆ ಹಾಗಿರಲಿಲ್ಲ. ಒಲೆ ಮೇಲೆ ಬೇಳೆ ಇಟ್ಟು ಕೊತ್ತಂಬರಿ ಸೊಪ್ಪಿಗೆಂದು ಹೊರಟು ಬಂದ ಹೆಂಗಸೊಬ್ಬಳು, "ಅಮ್ಮಾ, ನನ್ನದೊಂದು ಹೇಳಿಬಿಡಿ, ಮನೆ ಹತ್ತಿ ಉರಿದೀತು," ಎಂದು ಸರಳಿಗೆ ಹಣೆ ಒತ್ತಿಕೊಂಡಿದ್ದಳು. ಬಂದ ದಾರಿಯಲ್ಲೇ ಹಿಂದಿರುಗಬಾರದೇ ಎಂದರೆ, ಬಂದದ್ದು ಸ್ಕೂಟರಿನ ಹಿಂದೆ, ದಾರಿ ನೋಡಲಿಲ್ಲ ಎಂದಳು. ಎಲ್ಲರ ಹಿಂದೆ ದಸ್ತಗೀರ್ ನಿಂತಿದ್ದರು. ಗೋಡೆಯ ಗಡಿಯಾರ ನೋಡಿದರು, ನನ್ನನ್ನು ನೋಡಿದರು. ಐದೂ ಹತ್ತು.

ನಾನು ತಿಳಿದದ್ದನ್ನೆಲ್ಲ ಮಾಡಿದೆ. ಡಿಸ್ಕಿನಲ್ಲಿ ಜಾಗವಿಲ್ಲವೇನೋ ಎಂದು ಹಳೆಯದನ್ನು ಅಳಿಸಿದೆ. ಜಾಗ ಬೇಕಾದಷ್ಟಿತ್ತು. ಸರ್ವರಿನ ಡಬ್ಬ ಮುಟ್ಟಿ ನೋಡಿದೆ, ಬಿಸಿಯಾಗಿತ್ತು. ಪಕ್ಕದ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಇಟ್ಟೆ. ಮತ್ತೆ ಹಚ್ಚಿದೆ, ಮತ್ತೆ ಬಿತ್ತು. ಮೆಮೊರಿ ತುಂಬಿದೆ ಎಂದು ಹೇಳಿ ಬೀಳುತ್ತಿತ್ತು. ದಿನವೂ ಇದೇ ಮೂರು ಸಾವಿರ ಮನೆ ತಾನೇ, ಇವತ್ತೇನು ತುಂಬಿತು ಇದರ ಹೊಟ್ಟೆ. ಪಾಸ್‌ವರ್ಡನ್ನು ಮೂರು ಸಲ ತಪ್ಪು ಹೊಡೆದೆ.

ಐದೂ ನಲವತ್ತಕ್ಕೆ ಗಂಡನಿಗೆ ಫೋನ್ ಮಾಡಿದೆ.

"ಸಿಲಿಂಡರಿನ ಮುಳ್ಳು ಎಲ್ಲಿದೆ ರೀ?"

"ಕೆಂಪಿನ ಹತ್ರ," ಎಂದರು. ಒಂದು ಉಸಿರಿಗೆ ಎರಡು ಮೂರು ಮಾತು, ಅಷ್ಟೇ ಅವರಿಗೆ ಸಾಧ್ಯ. "ಯಾಕೆ, ಹೊರಟಿಲ್ವಾ?"

"ಹೊರಡ್ತೀನಿ. ಪಟ್ಟಿ ಸ್ವಲ್ಪ ತೊಂದರೆ ಕೊಡ್ತಿದೆ."

"ನಿಧಾನ ಬಾ. ಅವಸರ ಇಲ್ಲ."

ಅವಸರ ಇಲ್ಲವಂತೆ. ಫೋನಿಟ್ಟ ಮೇಲೆ ನನಗೆ ಅಳು ಬಂತು, ಅತ್ತರೆ ಸ್ಕ್ರೀನು ಕಾಣುವುದಿಲ್ಲವೆಂದು ನುಂಗಿಕೊಂಡೆ.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ನನ್ನ ಗಂಡನ ಮಂಚ ಕಿಟಕಿಯ ಕೆಳಗಿದೆ. ಕಿಟಕಿಯಿಂದ ಬಲಗಡೆ ಮಾತ್ರ ಕಾಣುತ್ತದೆ. ಎಡಗಡೆ ನೋಡಬೇಕಾದರೆ ಬಾಗಿಲಿಗೆ ಬರಬೇಕು, ಏಳು ತಿಂಗಳಿಂದ ಅದು ಅವರಿಂದ ಆಗುತ್ತಿಲ್ಲ. ದಿನಾ ಫೋನ್ ಮಾಡಿ ಬಲಗಡೆಯ ನಂಬರು ಹೇಳುತ್ತಾರೆ. ಎಡಗಡೆಯದನ್ನು ನಾನೇ ಯಾವುದಾದರೊಂದು ನಂಬರು ಹಾಕಿ ತುಂಬುತ್ತೇನೆ. ಎರಡೂ ಕಡೆ ಇಲ್ಲದಿದ್ದರೆ ಪಟ್ಟಿ ಒಪ್ಪುವುದಿಲ್ಲ, ಮೂರು ದಿನ ಒಪ್ಪದಿದ್ದರೆ ಮನೆ ಪಟ್ಟಿಯಿಂದ ಬಿಟ್ಟುಹೋಗುತ್ತದೆ. ನನ್ನ ಸುಳ್ಳಿನಿಂದ ಯಾರಿಗೂ ತೊಂದರೆಯಿರಲಿಲ್ಲ. ಅಕ್ಕಪಕ್ಕದವರು ನಿಜ ಹೇಳಿರುತ್ತಿದ್ದರಲ್ಲ, ಪಟ್ಟಿ ಅವರ ಮಾತು ಹಿಡಿದು, ನಮ್ಮ ಸಾಲಿಗೆ ಒಂದು ಕೆಂಪು ಗುರುತು ಹಾಕಿ ಮುಂದೆ ಹೋಗುತ್ತಿತ್ತು. ಆ ಗುರುತು ಯಾಕೆಂದು ನನಗೆ ಗೊತ್ತಿದ್ದರಿಂದ ತೆರೆದು ನೋಡುವ ಗೋಜಿಗೇ ಹೋಗದೆ ಒರೆಸಿಬಿಡುತ್ತಿದ್ದೆ.

ಆರು ಗಂಟೆಗೆ ನಾಲ್ಕನೆಯ ಸಲ ಹಚ್ಚಿದೆ. ಈ ಸಲ ಒಂದೊಂದು ಸಾಲು ಓದುವಾಗಲೂ ಅದರ ಎಣಿಕೆಯನ್ನು ತೋರಿಸುವಂತೆ ಹೇಳಿದ್ದೆ. ಎರಡು ಸಾವಿರ ದಾಟಿತು. ಎರಡೂವರೆ ಸಾವಿರ. ಸಿದ್ದರಾಜಯ್ಯನವರು ನನ್ನ ಹಿಂದೆ ನಿಂತು ಎಣಿಕೆಯನ್ನು ಮೆಲ್ಲಗೆ ಓದುತ್ತಿದ್ದರು. ಎರಡು ಸಾವಿರದ ಒಂಬೈನೂರ ಹದಿನೇಳಕ್ಕೆ ನಿಂತಿತು. ಫ್ಯಾನು ಜೋರಾಯಿತು. ಕಪ್ಪಾಯಿತು.

"ಅಲ್ಲೇ ಇದೆ ನೋಡಿ ಕಾಯಿಲೆ," ಎಂದರು ಅವರು. "ಯಾರ ಮನೆಯದು ಅದು?"

ನಾನು ಆ ದಿನದ ಫೋನ್ ಪುಸ್ತಕ ತೆಗೆದೆ. ತೆಗೆಯುವ ಅಗತ್ಯವೇ ಇರಲಿಲ್ಲ. ನಾಲ್ಕೂ ಮೂವತ್ತೆಂಟಕ್ಕೆ ಬಂದ ಫೋನು ಅದು. ಆವತ್ತು ನನ್ನ ಗಂಡ ತಡವಾಗಿ ಮಾಡಿದ್ದರು. ಧ್ವನಿ ಸಣ್ಣಗಿತ್ತು. ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡು, ಯಾಕೆ ಧ್ವನಿ ಹೀಗಿದೆ, ಮಧ್ಯಾಹ್ನ ಗಂಜಿ ಕುಡಿದಿರಾ ಎಂದು ಕೇಳುತ್ತ ಕೀಲಿ ಒತ್ತಿದ್ದೆ. ಮನೆ 1846. ಬಲಗಡೆ, ಅವರು ಹೇಳಿದಂತೆ, 2204. ಎಡಗಡೆ ಯಾವುದೋ ಒಂದು. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿದ್ದದ್ದು ನಮ್ಮ ಮನೆಯೊಂದೇ, ಬೆರಳು ಅದನ್ನೇ ಒತ್ತಿತ್ತು. 1846.

ನಮ್ಮ ಮನೆಯ ಎಡಕ್ಕೆ ನಮ್ಮ ಮನೆ. ಅದರ ಎಡಕ್ಕೆ ಯಾರು ಎಂದು ಪಟ್ಟಿ ನೋಡುತ್ತದೆ, ನಮ್ಮದೇ ಮನೆ. ಅದರ ಎಡಕ್ಕೆ ಮತ್ತೆ ನಮ್ಮದೇ. ಪಾಪ, ಅದು ಉಸಿರುಗಟ್ಟುವವರೆಗೂ ನಮ್ಮ ಮನೆಯ ಪಕ್ಕದಲ್ಲಿ ನಮ್ಮ ಮನೆಯನ್ನೇ ಕಟ್ಟುತ್ತ ಹೋಗಿತ್ತು.

ಆ ಸಾಲನ್ನು ಅಳಿಸಿದರೆ ಪಟ್ಟಿ ಏಳುತ್ತಿತ್ತು. ಆದರೆ ಸಾಲು ಅಳಿಸಲು ಸಿದ್ದರಾಜಯ್ಯನವರ ಪಾಸ್‌ವರ್ಡ್ ಬೇಕು, ಕಾರಣವನ್ನು ಪುಸ್ತಕದಲ್ಲಿ ಬರೆಯಬೇಕು. ಸುಳ್ಳು ವರದಿ ಕೊಟ್ಟ ಮನೆಗೆ ಒಂದು ತಿಂಗಳು ಚೀಟಿ ಇಲ್ಲ, ಅದರ ವರದಿಯನ್ನೂ ತೆಗೆದುಕೊಳ್ಳುವುದಿಲ್ಲ. ಅದು ಮಕ್ಕಳಿಗೂ ಗೊತ್ತಿರುವ ನಿಯಮ. ಚೀಟಿ ಇಲ್ಲವೆಂದರೆ ದಸ್ತಗೀರ್ ಒಂದು ತಿಂಗಳು ಯಾವ ಬಾಗಿಲು ತಟ್ಟಬೇಕು? ಹೇಳಿದರೆ ತಿಂಗಳು ಪೂರ್ತಿ ಸಿಲಿಂಡರಿಲ್ಲ. ಹೇಳದಿದ್ದರೆ ಇವತ್ತೇ ಇಲ್ಲ. ಗಡಿಯಾರದಲ್ಲಿ ಆರೂ ಎಂಟಾಗಿತ್ತು. ಯೋಚನೆ ಮಾಡಲು ನನ್ನ ಬಳಿ ಒಂದೇ ಒಂದು ನಿಮಿಷವಿತ್ತು, ಅದನ್ನೂ ಹಾಳು ಮಾಡಿದೆ.

"ನಮ್ಮದು ಸಾರ್," ಎಂದೆ. "ಎಡಗಡೆ ನಾನೇ ತುಂಬಿದ್ದು. ಏಳು ತಿಂಗಳಿಂದ ತುಂಬ್ತಾ ಇದೀನಿ."

ಸಿದ್ದರಾಜಯ್ಯನವರು ನನ್ನ ಮುಖ ನೋಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಪಾಸ್‌ವರ್ಡ್ ಒತ್ತಿದರು. ಸಾಲು ಅಳಿಸಿದರು. ಪುಸ್ತಕ ತೆರೆದು ದಿನಾಂಕ, ಗಂಟೆ, ನಂಬರು, ಸುಳ್ಳು ವರದಿ ಎಂದು ದುಂಡಗೆ ಬರೆದು ಸಹಿ ಹಾಕಿದರು. ನನಗೆ ಆ ಕ್ಷಣ ಆ ಮನುಷ್ಯನ ಕತ್ತು ಹಿಸುಕುವಷ್ಟು ಕೋಪ ಬಂದಿತ್ತು. ಆಮೇಲೆ ನಾನು ಪಟ್ಟಿಯನ್ನು ಹಚ್ಚಿದೆ. ಒಂಬೈನೂರ ಹದಿನಾರು, ಹದಿನೆಂಟು, ಹತ್ತೊಂಬತ್ತು. ನಿಲ್ಲಲಿಲ್ಲ. ಸ್ಕ್ರೀನಿನ ಮೇಲೆ ಊರು ಮೂಡತೊಡಗಿತು, ಹೊರಗೆ ಯಾರೋ ಎದ್ದಿತು ಎದ್ದಿತು ಎಂದರು, ಬೇಳೆ ಇಟ್ಟು ಬಂದ ಹೆಂಗಸಿಗೆ ಮೊದಲ ಚೀಟಿ ಕೊಟ್ಟೆವು.

ನಿಯಮ ಪೂರ್ತಿಯಾಗಬೇಕಲ್ಲ, ನಾನು ಒರೆಸಿದ್ದರೂ ಪಟ್ಟಿ ಒಳಗೆ ಉಳಿಸಿಕೊಂಡಿದ್ದ ನಮ್ಮ ಮನೆಯ ಹಳೆಯ ಕೆಂಪು ಗುರುತುಗಳನ್ನು ಸಿದ್ದರಾಜಯ್ಯನವರು ತೆರೆದರು. ಯಾವ ದಿನ ನಾವು ಏನು ಹೇಳಿದ್ದೆವು, ಪಕ್ಕದವರು ಏನು ಹೇಳಿದ್ದರು, ಎಲ್ಲ ಅಲ್ಲಿತ್ತು. ಅವರು ಬೆರಳಿಟ್ಟು ಒಂದೊಂದೇ ಓದಿದರು. ಓದುತ್ತ ಬೆರಳು ನಿಧಾನವಾಯಿತು.

"ಅಮ್ಮಾ, ಎಡಗಡೆ ನೀವು ತುಂಬಿದ್ದು, ಸರಿ. ಬಲಗಡೆಯದೂ ಸುಳ್ಳಲ್ವಾ?"

"ಇಲ್ಲ ಸಾರ್. ಬಲಗಡೆ ನಮ್ಮೋರು ನೋಡಿ ಹೇಳೋದು."

"ಇವತ್ತು ಅವರು ಹೇಳಿರೋದು 2204. ಅದು ಬಸ್ ನಿಲ್ದಾಣದ ಹತ್ರ ಇದೆ. ನಿಮ್ಮ ಬಲಗಡೆ ಇರೋದು 611. ನಿನ್ನೇದು ನೋಡಿ. ಮೊನ್ನೇದು ನೋಡಿ. ಹತ್ತೊಂಬತ್ತು ದಿನದಿಂದ ಒಂದೂ ಸರಿ ಇಲ್ಲ."

ನಾನು ನೋಡಿದೆ. ಅದಕ್ಕೆ ಮೊದಲಿನ ದಿನಗಳಲ್ಲಿ ಬಲಗಡೆ ತಪ್ಪದೆ ಸರಿಯಿತ್ತು. ಹತ್ತೊಂಬತ್ತು ದಿನಗಳ ಹಿಂದೆ ಒಂದು ಮಧ್ಯಾಹ್ನದಿಂದ ಅವರು ಬಾಯಿಗೆ ಬಂದ ನಂಬರು ಹೇಳತೊಡಗಿದ್ದರು, ನಾನು ಎಡಕ್ಕೆ ಮಾಡುತ್ತಿದ್ದ ಹಾಗೆಯೇ. ಕಿಟಕಿ ಇರುವುದು ತಲೆಯಿಂದ ಒಂದು ಮೊಳ ಮೇಲೆ. ಅಷ್ಟು ಮೇಲೇಳಲೂ ಅವರಿಂದ ಆಗುತ್ತಿಲ್ಲ. ನಾನು ಮನೆಗೆ ಹೋದಾಗಲೆಲ್ಲ ದಿಂಬಿಗೆ ಒರಗಿಕೊಂಡು ನಗುತ್ತಿದ್ದರಲ್ಲ, ಬಲಗಡೆಯವರ ಅಂಗಳದಲ್ಲಿ ಹೊಂಗೆ ಮರವಿದೆ, ನೆರಳು ಚೆನ್ನಾಗಿದೆ ಎಂದೆಲ್ಲ ಹೇಳುತ್ತಿದ್ದರಲ್ಲ. ಚೀಟಿ ಹಿಡಿದು ಬಂದವಳು ನಾನು, ಬಾಗಿಲು ಕಂಡ ಮೇಲೆ ಅಕ್ಕಪಕ್ಕ ನೋಡಿದವಳಲ್ಲ. ಕೆಂಪು ಗುರುತುಗಳನ್ನೂ ನಾನೇ ಒರೆಸಿದ್ದೆ.

ಮುದ್ರಣ ಯಂತ್ರ ಕಿರ್ ಎಂದು ಒಂದು ಚೀಟಿ ಉಗುಳಿತು. ಸಿದ್ದರಾಜಯ್ಯನವರು ಅದನ್ನು ಹರಿದು ದಸ್ತಗೀರ್ ಕೈಗೆ ಕೊಟ್ಟರು. ಅದು 611ರ ಚೀಟಿ.

"1846ಕ್ಕೆ ಚೀಟಿ ಕೊಡಬಾರದು ಅಂತ ನಿಯಮ ಇದೆ," ಎಂದರು. "611ಕ್ಕೆ ಕೊಡಬಾರದು ಅಂತ ಎಲ್ಲೂ ಇಲ್ಲ. ತಿಂಗಳು ಪೂರ್ತಿ ನಿಮ್ಮ ಪಕ್ಕದಲ್ಲಿ ಯಾರು ಬರ್ತಾರೋ ಅವರ ಚೀಟಿ ತಗೊಂಡು ಹೋಗಿ. ಹೊರಡಿ, ಆರೂ ಇಪ್ಪತ್ತೈದು."

ಆಟೊದಲ್ಲಿ ಸಿಲಿಂಡರನ್ನು ಎರಡೂ ಕೈಯಲ್ಲಿ ತಬ್ಬಿ ಕೂತೆ. ದಸ್ತಗೀರ್ ಒಂದು ತಿರುವನ್ನೂ ತಪ್ಪಲಿಲ್ಲ. ಆರೂ ಐವತ್ತಕ್ಕೆ ನೀಲಿ ಗೋಡೆಯ 611 ಸಿಕ್ಕಿತು, ಅದರ ಪಕ್ಕದಲ್ಲಿ ನಮ್ಮ ಬಾಗಿಲು. ಮುಳ್ಳು ಕೆಂಪಿನೊಳಗೆ ಪೂರ್ತಿ ಮಲಗಿತ್ತು. ನನ್ನ ಗಂಡನ ತುಟಿಯ ಬಣ್ಣ ನೋಡಲಾಗಲಿಲ್ಲ. ದಸ್ತಗೀರ್ ನಳಿಕೆ ಬದಲಿಸಿ ಕೀಲಿ ತಿರುಗಿಸಿದರು, ಗಾಳಿ ಸುಯ್ ಎಂದಿತು, ಸ್ವಲ್ಪ ಹೊತ್ತಿಗೆ ಅವರು ಕಣ್ಣು ಬಿಟ್ಟರು.

"ಪಟ್ಟಿ ಎದ್ದಿತಾ?"

"ಹೂಂ ರೀ. ನೀವು ಹೇಳಿದ ಬಲಗಡೆ ಮನೆ ಹಿಡ್ಕೊಂಡು ಬಂದ್ವಿ," ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ, ನಿಜ ಹೇಳಲು ಧೈರ್ಯ ಬರಲಿಲ್ಲ. ಅವರು ನಕ್ಕರು. ನನಗೆ ಅವರ ಮೇಲೆ ಕೋಪವೂ ಇತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಅಡುಗೆಮನೆಗೆ ಹೋಗಿ ಗಂಜಿ ಬಿಸಿ ಮಾಡಿದೆ.

ಮರುದಿನ ನಾನು ಕೆಲಸಕ್ಕೆ ಹೋದೆ. ಮೂರು ಗಂಟೆಗೆ ಊರು ಎದ್ದಿತು, ಫೋನುಗಳು ಬರತೊಡಗಿದವು. ನಮ್ಮ ಮನೆಯ ವರದಿಯನ್ನು ಒಂದು ತಿಂಗಳು ತೆಗೆದುಕೊಳ್ಳುವಂತಿರಲಿಲ್ಲ, ಅದನ್ನು ಅವರಿಗೆ ನಾನು ಹೇಳಿರಲಿಲ್ಲ. ಮೂರೂ ಇಪ್ಪತ್ತಕ್ಕೆ ನನ್ನ ಮೊಬೈಲು ಬಡಿದುಕೊಂಡಿತು.

"1846," ಎಂದರು. ಉಸಿರು ತೆಗೆದುಕೊಂಡರು. "ಬಲಗಡೆ..."

ನಾನು ಕಾಯುತ್ತಿದ್ದೆ. ಈಗ ಯಾವುದೋ ಒಂದು ನಂಬರು ಬರುತ್ತದೆ, ನಾನು ಹೂಂ ಎನ್ನುತ್ತೇನೆ, ಇಬ್ಬರೂ ಹೀಗೇ ಎಷ್ಟು ದಿನ ನಡೆಸುತ್ತೇವೋ ನೋಡೋಣ ಎಂದುಕೊಂಡೆ. ನಂಬರು ಬರಲಿಲ್ಲ.

"ಬಲಗಡೆ ಕಾಣ್ತಿಲ್ಲ ಚಂಪಾ. ಏಳಕ್ಕೆ ಆಗ್ತಿಲ್ಲ."

"ಗೊತ್ತು ರೀ."

"ಭಯ ಆಗ್ತಿದೆ."

ಈ ಮಾತನ್ನು ನನ್ನ ಗಂಡನ ಬಾಯಿಂದ ನಾನು ಕೇಳಿರಲಿಲ್ಲ. ಗೂಡಿನಲ್ಲಿ ಬಿದ್ದು ಕಾಲು ಸುಟ್ಟುಕೊಂಡಾಗಲೂ ಅಂದವರಲ್ಲ. ಸುತ್ತ ಎಂಟು ಫೋನುಗಳು ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಪಟ್ಟಿ ಪೂರ್ತಿಯಾಗಲು ಇನ್ನೂ ಒಂದೂವರೆ ಗಂಟೆ ಬೇಕು, ಅಲ್ಲಿಯವರೆಗೆ ಯಾರ ಚೀಟಿಯೂ ಇಲ್ಲ.

"ಫೋನ್ ಇಡಬೇಡಿ," ಎಂದೆ. "ಬರ್ತಿದೀನಿ."

"ಎಲ್ಲಿಗೆ ಬರ್ತೀಯಾ? ಚೀಟಿ ಇಲ್ವಲ್ಲ."

"ಕಾಣದಿದ್ರೆ ಬೇಡ, ಕಿವಿ ಕೇಳುತ್ತಲ್ಲ. ನಾನು ಕೂಗ್ತಾ ಬರ್ತೀನಿ. ಕೇಳಿಸಿದ ಕೂಡ್ಲೆ ಹೇಳಿ."

ಕುರ್ಚಿಯಿಂದ ಎದ್ದೆ. ಸಿದ್ದರಾಜಯ್ಯನವರು ತಲೆ ಎತ್ತಿ ನೋಡಿದರು, ನನ್ನ ಜಾಗದಲ್ಲಿ ಬಂದು ಕೂತು ಬಡಿದುಕೊಳ್ಳುತ್ತಿದ್ದ ಫೋನು ಎತ್ತಿದರು. ಚೀಟಿಯಿಲ್ಲದೆ ಬೀದಿಗಿಳಿದದ್ದು ಹುಟ್ಟಿದ ಮೇಲೆ ಅದೇ ಮೊದಲು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ನನ್ನ ಊರು ನನಗೆ ಪರವೂರಾಯಿತು. ಯಾವ ಬೀದಿ, ಯಾವ ಮೂಲೆ, ಒಂದೂ ತಿಳಿಯದು. ರೀ, ರೀ ಎಂದು ಕೂಗುತ್ತ ನಡೆದೆ. ಪ್ರತಿ ಬೀದಿಯಲ್ಲೂ ಇಬ್ಬರು ಮೂವರು ಗಂಡಸರು ಹೊರಗೆ ಇಣುಕಿ, ತಮ್ಮವಳಲ್ಲ ಎಂದು ಒಳಗೆ ಹೋದರು. ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು. ಹುಚ್ಚಿ ಎಂದುಕೊಂಡಿರಬೇಕು. ಮೊಬೈಲಿನಲ್ಲಿ ಅವರ ಉಸಿರು ಕೇಳಿಸುತ್ತಿತ್ತು, ಅದು ಒಂದು ಗಳಿಗೆ ನಿಂತರೆ ನಾನೂ ನಿಲ್ಲುತ್ತಿದ್ದೆ.

"ಕೇಳಿಸ್ತಾ?"

"ಇಲ್ಲ."

ಆಸ್ಪತ್ರೆಯ ಹಿಂದೆ ಹೋದೆ, ಅಲ್ಲಿಂದ ಕೆರೆಯ ಏರಿಗೆ, ಅಲ್ಲಿಂದ ಯಾವುದೋ ಇಳಿಜಾರಿಗೆ. ಗಂಟಲು ಒಡೆದು ಹೋಗಿತ್ತು. ರೀ ಎಂದರೆ ಎಲ್ಲರ ಗಂಡಂದಿರೂ ಆಗುತ್ತಾರೆ, ನನ್ನವರು ಒಬ್ಬರೇ ಆಗುವಂತೆ ಕೂಗಬೇಕಿತ್ತು. ಮದುವೆಯಾಗಿ ಇಪ್ಪತ್ತಾರು ವರ್ಷ, ಅವರ ಹೆಸರನ್ನು ಅರ್ಜಿಗಳಲ್ಲಿ ಬರೆದಿದ್ದೆ, ಅವರಿಗೆ ಕೇಳುವಂತೆ ಬಾಯಿಬಿಟ್ಟು ಕರೆದಿರಲಿಲ್ಲ. ಬೀದಿಯ ನಡುವೆ ನಿಂತು, ಕಣ್ಣು ಮುಚ್ಚಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಕರೆದೆ.

"ವೀರಭದ್ರಾ."

ಮೊಬೈಲಿನಲ್ಲಿ ಕೆಮ್ಮು ಕೇಳಿಸಿತು. ಕೆಮ್ಮಿನ ನಡುವೆ ಅವರು ನಗುತ್ತಿದ್ದಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಹೆಸರು ಹಿಡಿದು ಕರೀತೀಯೇನೇ," ಎಂದರು. ಉಸಿರು ತೆಗೆದುಕೊಂಡರು. "ಕೇಳಿಸ್ತು. ಎಡಗಡೆಯಿಂದ."